ವೀರರಾಜನಿಗೆ ಹಾಕಿದ ಎಲೆ

ಸಿನಿಮಾದವರ ಕೈಗೆ ಸಿಕ್ಕಿದ್ದರೆ ಇವರಿಬ್ಬರನ್ನು ಮಳೆಯಲ್ಲಿ ಒಂದೇ ಕೊಡೆಯಡಿ ನಿಲ್ಲಿಸಿ ಒಂದು ಹಾಡು ಮುಗಿಸುತ್ತಿದ್ದರು. ಮೂಡುಬಿದಿರೆಯಲ್ಲಿ ಇದ್ದದ್ದು ಒಂದು ಗ್ರೈಂಡರ್, ಅದೂ ಕೆಟ್ಟದ್ದು.

ಗ್ರೈಂಡರ್ ದಮಯಂತಿಯದು. ಮಾಣಿ ಎಂಬ ಊರಿನಿಂದ ಬಂದು ಬಸ್‌ಸ್ಟ್ಯಾಂಡಿನ ಹಿಂದೆ ಮೀನೂಟದ ಹೋಟೆಲು ಹಾಕಿದವಳು. ಗಂಡ ತೀರಿಕೊಂಡ ಮೇಲೂ ಬಂಗುಡೆ ಗಸಿಯ ರುಚಿ ಕೆಡಿಸದವಳು. ರಿಪೇರಿಯ ವೀರರಾಜ ಜೈನರವನು. ನಲವತ್ತು ದಾಟಿದರೂ ಮದುವೆಯಿಲ್ಲ. ನೀರುಳ್ಳಿ, ಬೆಳ್ಳುಳ್ಳಿ, ಬಟಾಟೆ ತಿನ್ನುವುದಿಲ್ಲ, ಸೂರ್ಯ ಮುಳುಗಿದ ಮೇಲೆ ಏನನ್ನೂ ತಿನ್ನುವುದಿಲ್ಲ. ಅವನ ಅಂಗಡಿ ಮನೆಯದೇ ಮುಂದಿನ ಕೋಣೆ. ಮೀನಿನ ಮಸಾಲೆ ಅರೆದ ಗ್ರೈಂಡರ್ ಒಳಗೆ ಬರಕೂಡದೆಂದು ತಾಯಿ ತ್ರಿಶಲಮ್ಮ ಬಾಗಿಲಲ್ಲೇ ತಡೆದರು. ಹಾಗಾಗಿ ಮಗನೇ ಹೋಟೆಲಿಗೆ ಹೋಗಬೇಕಾಯಿತು. ತಪ್ಪು ತ್ರಿಶಲಮ್ಮನದೇ, ಆಮೇಲೆ ಯಾರನ್ನು ದೂರಿ ಏನು ಪ್ರಯೋಜನ?

ಗ್ರೈಂಡರ್ ಮೇಲಿಂದ ಮೇಲೆ ಕೆಡತೊಡಗಿತು. ಪ್ರತಿ ಸಲವೂ ಬೆಲ್ಟು ಜಾರಿರುತ್ತಿತ್ತು. ಜಾರಿಸುತ್ತಿದ್ದವಳು ದಮಯಂತಿ. ವೀರರಾಜ ಏನೂ ಕೇಳಲಿಲ್ಲ. ಆದರೆ ಬರಬರುತ್ತಾ ಜಾರಿಸುವುದು ಸುಲಭವಾಯಿತು. ಅವನು ಬೆಲ್ಟನ್ನು ಬಿಗಿಯಾಗಿ ಕೂರಿಸುವುದನ್ನೇ ಬಿಟ್ಟಿದ್ದ. ಅದು ಗೊತ್ತಾದ ದಿನ ಅವಳು ಸಂತೋಷ ತಡೆಯಲಾಗದೆ ಗಿರಾಕಿಗಳಿಗೆಲ್ಲ ಒಂದೊಂದು ಮೀನು ಹೆಚ್ಚು ಬಡಿಸಿದಳು. ಎಲ್ಲರನ್ನೂ ‘ಅಣ್ಣ’ ಎನ್ನುವವಳು ಇವನನ್ನು ಮಾತ್ರ ‘ಇವರೇ’ ಎನ್ನತೊಡಗಿದಳು.

ಒಂದೇ ಕೊರಗು. ಅವಳ ಹೋಟೆಲಿನಲ್ಲಿ ಅವನು ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ತನ್ನ ಕೈಯಡುಗೆ ಉಣ್ಣದವನನ್ನು ನೆಚ್ಚಿಕೊಂಡು ಏನು ಮಾಡುವುದು? ಒಮ್ಮೆ ಬಡಿಸಿ ನೋಡುವುದು, ಉಣ್ಣದಿದ್ದರೆ ಇನ್ನು ಬೆಲ್ಟಿಗೆ ಕೈ ಹಾಕುವುದಿಲ್ಲ ಎಂದು ನಿಶ್ಚಯಿಸಿದಳು.

ಏಕಾದಶಿ ಅಲ್ಲವೆಂದು ಕ್ಯಾಲೆಂಡರ್ ನೋಡಿ, ಹೋಟೆಲಿಗೆ ರಜೆಯಿದ್ದ ಭಾನುವಾರ ಹಿಡಿದಳು. ಫಿನಾಯಿಲ್ ಹಾಕಿ ನೆಲ ತೊಳೆದಳು. ಹೊಸ ಪಾತ್ರೆಯಲ್ಲಿ ತೊವ್ವೆ, ಅಲಸಂಡೆ ಪಲ್ಯ, ಪಾಯಸ ಮಾಡಿದಳು. ಹೊತ್ತು ಇಳಿಯುವ ಮೊದಲೇ ಎಲೆ ಹಾಕಿ ಬಡಿಸಿ ಅವನನ್ನು ಕರೆಸಿ ಕೂರಿಸಿದಳು.

ವೀರರಾಜ ಎಲೆಯನ್ನೇ ನೋಡಿದ. ಕೈ ಹಾಕಲಿಲ್ಲ.

"ಎಲ್ಲ ಹೊಸ ಪಾತ್ರೆ ಇವರೇ. ನೀರುಳ್ಳಿ ಇಲ್ಲ."

"ಗೊತ್ತಾಯ್ತು. ಇವತ್ತು ಚತುರ್ದಶಿ. ನಮಗೆ ಉಪವಾಸ. ನೀರೂ ಇಲ್ಲ."

ದಮಯಂತಿಗೆ ಅಳು ಬಂತು. ಅಳುವುದು ಅಭ್ಯಾಸವಿಲ್ಲದ್ದರಿಂದ ಸಿಟ್ಟು ಮಾಡಿದಳು. "ಹಾಗಾದ್ರೆ ಎದ್ದು ಹೋಗಿ ಮಾರಾಯ್ರೇ. ಕೂತು ಯಾಕೆ ನೋಡ್ತೀರಿ?"

ಅವನು ಏಳಲಿಲ್ಲ. ಎಲೆಯನ್ನು ಮೆಲ್ಲನೆ ಅವಳ ಕಡೆಗೆ ಸರಿಸಿದ. "ನೀವು ಉಣ್ಣಿ. ನಾನು ಕೂತ್ಕೊಳ್ತೇನೆ."

ಹಟಕ್ಕೆ ಬಿದ್ದವಳಂತೆ ಅವಳು ಎದುರು ಕೂತು ಒಂದು ತುತ್ತು ಬಾಯಿಗಿಟ್ಟಳು. ಖಾರವಿಲ್ಲ, ಘಾಟಿಲ್ಲ.

"ಇದನ್ನೇ ದಿನಾ ತಿನ್ನುವುದಾ ನೀವು?"

"ಹೌದು."

"ನಾನು ಮೀನು ಬಿಡುವುದಿಲ್ಲ. ಈಗಲೇ ಹೇಳ್ತೇನೆ."

"ಬಿಡಿ ಅಂತ ಯಾರು ಹೇಳಿದ್ದು? ಎರಡು ಒಲೆ ಇಡುವ."

ಅವಳು ಎತ್ತಿದ ತುತ್ತನ್ನು ಎಲೆಗೇ ಇಳಿಸಿ ಕೇಳಿದಳು, "ನಿಮ್ಮ ಅಮ್ಮ ಬಯ್ಯುವುದಿಲ್ವಾ?"

"ಬಯ್ತಾರೆ. ಜೋರು ಬಯ್ತಾರೆ."

"ಮತ್ತೆ?"

"ಬೈದಾದ ಮೇಲೆ ನಾನು ಬರ್ತೇನೆ."

ದಮಯಂತಿ ಆ ಸಪ್ಪೆ ಊಟವನ್ನು ಒಂದಗುಳೂ ಬಿಡದೆ ಉಂಡಳು.