ಇಂಟರ್ವೆಲ್‌ಗೆ ಎದ್ದು ಬಂದ ಸಿನಿಮಾ

ನನ್ನ ಹೆಂಡತಿಗೆ ಕಿವಿ ಮಂದ. ಕಿವಿಗೆ ಹಾಕುವ ಮಿಷನ್ ಇದೆ, ಗದ್ದಲದಲ್ಲಿ ಅದು ಕುಯ್ ಅನ್ನುತ್ತದೆಂದು ಪರ್ಸಿನಲ್ಲೇ ಇಟ್ಟುಕೊಳ್ಳುತ್ತಾಳೆ. ಯಾರು ಏನಂದರೂ ನನ್ನ ಕಡೆ ತಿರುಗಿ "ಏನಂದ್ರು?" ಎಂದು ಕೇಳುವುದು ರೂಢಿ. ಎಷ್ಟು ಸಲ ಹೇಳುವುದು? "ಏನಿಲ್ಲ" ಎಂದು ಮುಗಿಸಿಬಿಡುತ್ತಿದ್ದೆ. ಹಾಗೆ ಮಾಡಿದ್ದು ಪಾಪವೆಂದು ಈಗ ಒಪ್ಪಿಕೊಳ್ಳುತ್ತೇನೆ.

ಮಸ್ಕತ್ತಿಗೆ ಕನ್ನಡ ಸಿನಿಮಾ ಬರುವುದೇ ಅಪರೂಪ, ಬಂದರೂ ಶುಕ್ರವಾರ ಒಂದೇ ಆಟ. ಮಗ ಅಲ್ ಹೈಲ್‌ನ ಮನೆಯಿಂದ ಕರೆತಂದು ನಮ್ಮಿಬ್ಬರನ್ನು ಥಿಯೇಟರ್ ಬಾಗಿಲಲ್ಲಿ ಇಳಿಸಿ ಹೋದ. ಹಾಸ್ಯಚಿತ್ರ. ಟಿವಿಯಲ್ಲಿ ವಾರ್ತೆ ಓದುವ ಒಬ್ಬ ಗಂಡಸು, ಒಬ್ಬ ಹೆಂಗಸು. ಇಬ್ಬರೂ ಪರಸ್ಪರ ಮಾತು ಬಿಟ್ಟಿದ್ದಾರೆ. ತಮ್ಮ ಜಗಳವನ್ನು ವಾರ್ತೆಯೊಳಗೇ ಸೇರಿಸಿ ಓದುತ್ತಾರೆ, ಮುಖ ಮಾತ್ರ ಗಂಭೀರ. ನೋಡಿ ನಗುವಂಥದ್ದು ಏನೂ ಇಲ್ಲ. ಎಲ್ಲ ಮಾತಿನಲ್ಲೇ.

ಇವಳ ಆಚೆ ಕೂತ ಓಮಾನಿ ಹೆಂಗಸು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ರೀ, ಅವರಿಗೆ ಕನ್ನಡ ಬರುತ್ತಾ?"

"ಕೆಳಗಡೆ ಅರಬ್ಬೀಲಿ ಬರ್ತಿದೆ ಕಣೇ. ಓದ್ಕೊಂಡು ನಗ್ತಾರೆ."

"ಅವರಿಗೂ ತಿಳೀತು, ನಂಗೊಬ್ಬಳಿಗೇ ಇಲ್ಲ. ಏನಂದ್ಲು ಆ ವಾರ್ತೆ ಓದೋಳು?"

ಪಿಸುಗುಟ್ಟಿದರೆ ಕೇಳಿಸದು. ಕೊಂಚ ಗಟ್ಟಿಯಾಗಿ ಹೇಳಿದೆ. ಹಿಂದಿನ ಸೀಟಿನಿಂದ ಮಂಗಳೂರು ಕಡೆಯ ದನಿ: "ಅಂಕಲ್, ಟಿಕೆಟ್ ತೆಗೊಂಡದ್ದು ನಿಮ್ಮ ಕಾಮೆಂಟ್ರಿ ಕೇಳ್ಲಿಕ್ಕಲ್ಲ ಮಾರಾಯ್ರೆ." ಸುತ್ತಲಿನವರು ಅದಕ್ಕೂ ನಕ್ಕರು. "ಈಗ ಏನಂದ್ರು?" ಅಂದಳು ಇವಳು.

"ಏನಿಲ್ಲ! ಸುಮ್ನೆ ಕೂತ್ಕೋ."

ಆ ಮಾತು ಅವಳಿಗೆ ಸರಿಯಾಗಿ ಕೇಳಿಸಿತು. ಇಂಟರ್ವೆಲ್‌ಗೆ ದೀಪ ಹತ್ತಿದಾಗ ಎದ್ದು, "ಮನೆಗೆ ಹೋಗೋಣ" ಅಂದಳು.

ಅಂದಿನಿಂದ ಅವಳು ನನ್ನನ್ನು ಏನನ್ನೂ ಕೇಳಲಿಲ್ಲ. ಮೊದಲು ನನಗೆ ಹಾಯೆನಿಸಿತ್ತು, ಸುಳ್ಳೇಕೆ ಹೇಳಲಿ. ಆಮೇಲೊಮ್ಮೆ ಊಟದ ಹೊತ್ತಿನಲ್ಲಿ ಮಗ ಆಫೀಸಿನ ಯಾವುದೋ ತಮಾಷೆ ಹೇಳಿದ. ನಾವೆಲ್ಲ ನಕ್ಕೆವು. ಇವಳು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ತಡವಾಗಿ ತಾನೂ ನಕ್ಕಳು.

ಮರುದಿನ ಕಾಫಿಯಾದ ಮೇಲೆ ಅವಳ ಎದುರು ಕುರ್ಚಿ ಎಳೆದುಕೊಂಡು ನೆಟ್ಟಗೆ ಕೂತೆ. ಸಿನಿಮಾದ ಆ ಹೆಂಗಸಿನಂತೆ ಬಿಗಿದ ಮುಖದಲ್ಲಿ, ಇಡೀ ಬಿಲ್ಡಿಂಗಿಗೆ ಕೇಳುವಂತೆ ಓದಿದೆ: "ಸಹೋದ್ಯೋಗಿಯ ಟಿಫನ್ ಡಬ್ಬಿಯಿಂದ ಕೋಡುಬಳೆ ಕದ್ದ ವ್ಯಕ್ತಿಯೊಬ್ಬರು ಇದೇ ಸ್ಟುಡಿಯೋದಲ್ಲಿ ತಲೆಮರೆಸಿಕೊಂಡಿದ್ದಾರೆಂದು ಮೂಲಗಳು ತಿಳಿಸಿವೆ!" ಆಮೇಲೆ ಗಂಡಸಾಗಿ: "ಈ ಆರೋಪವನ್ನು ಸಂಬಂಧಪಟ್ಟವರು ತಳ್ಳಿಹಾಕಿದ್ದಾರೆ!"

ಸೊಸೆ ಅಡುಗೆಮನೆಯಿಂದ ಓಡಿಬಂದಳು. ಇವಳು ನನ್ನನ್ನೇ ದಿಟ್ಟಿಸಿದಳು.

"ಇಷ್ಟಕ್ಕಾ ಅವತ್ತು ಥಿಯೇಟರಲ್ಲಿ ಅಷ್ಟೊಂದು ನಕ್ಕಿದ್ದು?"

"ಹ್ಞೂಂ ಕಣೇ, ಇಷ್ಟಕ್ಕೇ."

"ಥೂ." ಕಾಫಿ ಲೋಟ ಪಕ್ಕಕ್ಕೆ ಸರಿಸಿ, "ಅವನೇ ಕದ್ದಿದ್ನಾ?"

ಅವಳು ಕೇಳಿದಳು! ಆದರೆ ಉತ್ತರ ಗೊತ್ತಿದ್ದರೆ ತಾನೆ. ನಾವು ಅರ್ಧಕ್ಕೇ ಎದ್ದು ಬಂದಿದ್ದೆವು, ಸಿನಿಮಾ ಊರು ಬಿಟ್ಟಾಗಿತ್ತು. ಹಾಗೆಂದು ಕಿರುಚಿ ಹೇಳಿದೆ.

"ಗೊತ್ತಿಲ್ದಿದ್ರೆ ನೀವೇ ಏನಾದ್ರೂ ಹೇಳಿ. ಮಿಷನ್ ಹಾಕ್ಕೋತೀನಿ, ಕೂಗ್ಬೇಡಿ" ಎಂದು ಪರ್ಸಿಗೆ ಕೈ ಹಾಕಿದಳು.

ಒಂದು ವಾಕ್ಯ ಹೇಳಲು ಸೋಮಾರಿತನ ಮಾಡಿದವನು ಈಗ ಅರ್ಧ ಸಿನಿಮಾವನ್ನೇ ಹೊಸೆಯಬೇಕಾಯಿತು.