ಆರಿಸಬಾರದ ಪರದೆ ಮತ್ತು ಕಲಿಪಾ ಎಜೆ

ಬೆಳಗಿನ ಆರೂ ಕಾಲು. ಬಿಷ್ಕೆಕ್‌ನ ಹಳೆಯ ಸಂಶೋಧನಾ ಸಂಸ್ಥೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಮಾತ್ರ ದೀಪ ಹತ್ತಿದೆ. ಮಾರ್ಚ್ ಬಂದಿದ್ದರೂ ಕಿಟಕಿಯ ಹೊರಗೆ ಹಿಮ ಉದುರುತ್ತಿದೆ. ಐವತ್ತೇಳು ವರ್ಷದ ಕಲಿಪಾ ಸೊರೊನ್‌ಬಾಯೆವಾ ಕೋಟು ಕೂಡ ತೆಗೆಯದೆ ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಬಂದಿದೆ. ಎಡಗೈ ಹತ್ತಿರ ಎಣ್ಣೆ ಕಲೆಯ ದಪ್ಪ ನೋಟ್‌ಬುಕ್ಕು, ಬಲಗೈ ಹತ್ತಿರ ಆರಿದ ಚಹಾ. ನೋಟ್‌ಬುಕ್ಕಿನಲ್ಲಿ ನಿನ್ನೆ ಶುರು ಮಾಡಿದ ಪಟ್ಟಿಯ ಹೆಜ್ಜೆ ಅರವತ್ತೆರಡಕ್ಕೆ ಗೀಟು ಬೀಳುತ್ತದೆ. ಇನ್ನು ಉಳಿದದ್ದು ಒಂದೇ.

ಪಕ್ಕದ ಕುರ್ಚಿಯಲ್ಲಿ ಆ ಕಂಪ್ಯೂಟರ್ ಬಳಸಬೇಕಾದ ಮಿರ್ಲಾನ್ ಉಗುರು ಕಚ್ಚುತ್ತಿದ್ದಾರೆ. ವಯಸ್ಸು ನಲವತ್ತೊಂದು. ನಾರಿನ್ ಕಡೆಯ ಶಾಲೆಯಲ್ಲಿ ಹದಿನಾರು ವರ್ಷ ಭೌತಶಾಸ್ತ್ರ ಪಾಠ ಮಾಡಿದವರು, ಈಗ ಪ್ರೋಗ್ರಾಂ ಬರೆಯುತ್ತಾರೆ. ಮೂರು ತಿಂಗಳ ಪರೀಕ್ಷಾ ಅವಧಿ ಇವತ್ತಿಗೆ ಮುಗಿಯುತ್ತದೆ. ಹತ್ತು ಗಂಟೆಗೆ ನಗರದ ಬಿಸಿನೀರಿನ ಕೊಳವೆ ಜಾಲದ ಹಿರಿಯ ಎಂಜಿನಿಯರ್ ರಾಯಿಸಾ ಪಾವ್ಲೊವ್ನಾ ಬರುತ್ತಾರೆ. ಕೊಳವೆಯಲ್ಲಿ ಒತ್ತಡ ಏರಿದಾಗ ಎಚ್ಚರಿಕೆ ಕೊಡುವ ಮಿರ್ಲಾನ್‌ರ ಕೆಲಸ ಅವರ ಕಣ್ಣೆದುರು ಓಡಿದರೆ ನೌಕರಿ ಉಂಟು. ಇಲ್ಲದಿದ್ದರೆ ಸೋಮವಾರ ನಾರಿನ್ ಬಸ್ಸು.

"ಉಗುರು ಖಾಲಿ ಆಯ್ತು, ಇನ್ನು ಬೆರಳು ಶುರು ಮಾಡ್ಬೇಡ," ಎನ್ನುತ್ತಾರೆ ಕಲಿಪಾ. "ಅದನ್ನ ಆಮೇಲೆ ನಾನು ಜೋಡಿಸೋಕಾಗಲ್ಲ."

ಕಲಿಪಾ ಮಾಡುವ ಕೆಲಸಕ್ಕೆ ಕಚೇರಿಯಲ್ಲಿ ಹೆಸರಿಲ್ಲ. ಸಂಬಳದ ಪಟ್ಟಿಯಲ್ಲಿ ಇವತ್ತಿಗೂ 'ಸಾಮಾನು ಪಾಲಕಿ' ಅಂತಲೇ ಇದೆ. ಅಸಲು ಕೆಲಸ ಬೇರೆ. ಈ ಕಚೇರಿ ಹೊರದೇಶದ ಕಂಪನಿಯೊಂದರ ದೊಡ್ಡ ಸಾಫ್ಟ್‌ವೇರನ್ನು ಲೈಸೆನ್ಸ್ ಮೇಲೆ ಪಡೆದು, ಅದರೊಳಗೆ ನಗರದ ಕೊಳವೆಗಳಿಗೆ ಬೇಕಾದ ಪ್ರೋಗ್ರಾಂ ಬರೆಯುತ್ತದೆ. ಬರೆಯುವವರ ಕಂಪ್ಯೂಟರಿನಲ್ಲಿ ಮೊದಲು ಇಡೀ ಅಡುಗೆಮನೆ ಸಿದ್ಧವಾಗಬೇಕು. ಡೇಟಾಬೇಸ್, ಅದಕ್ಕೆ ಹೋಗುವ ದಾರಿ, ಲೈಸೆನ್ಸ್ ಫೈಲು, ಯಾವುದಕ್ಕೆ ಯಾವ ಆವೃತ್ತಿ ಒಗ್ಗುತ್ತದೆ ಎಂಬ ಲೆಕ್ಕ. ಒಲೆ ಹತ್ತದೆ ಅಡುಗೆಯವನು ಏನು ಮಾಡಿಯಾನು? ಒಲೆ ಹತ್ತಿಸುವವರು ಕಲಿಪಾ.

ಕಂಪನಿಯ ಕೈಪಿಡಿಯಲ್ಲಿ ಹನ್ನೊಂದು ಹೆಜ್ಜೆಗಳಿವೆ, ಅರ್ಧ ಗಂಟೆ ಸಾಕು ಎಂದು ಬರೆದಿದೆ. ಕಲಿಪಾರ ನೋಟ್‌ಬುಕ್ಕಿನಲ್ಲಿ ಅರವತ್ತಮೂರು ಹೆಜ್ಜೆಗಳಿವೆ, ಒಂದು ಯಂತ್ರಕ್ಕೆ ಏಳು ಗಂಟೆ ಬೇಕು. ಹೆಚ್ಚಿನ ಐವತ್ತೆರಡೂ ಪೆಟ್ಟು ತಿಂದು ಕಲಿತವು. ಗಡಿಯಾರ ಐದು ನಿಮಿಷ ಹಿಂದಿದ್ದರೆ ಲೈಸೆನ್ಸ್ ಮುಖ ತಿರುಗಿಸುತ್ತದೆ. ಯಂತ್ರದ ಹೆಸರು ಬದಲಿಸಿದರೆ ಗುರುತೇ ಇಲ್ಲದವರಂತೆ ನಡೆದುಕೊಳ್ಳುತ್ತದೆ. ಹನ್ನೊಂದು ವರ್ಷದಲ್ಲಿ ಇನ್ನೂರ ಹನ್ನೆರಡು ಯಂತ್ರಗಳನ್ನು ಹೀಗೆ ಹೊರಡಿಸಿದ್ದಾರೆ. ಅಂದ ಹಾಗೆ ಈ ಅಂಕಿ ಕಚೇರಿಯ ಯಾವ ಕಾಗದದಲ್ಲೂ ಸಿಗುವುದಿಲ್ಲ, ನೋಟ್‌ಬುಕ್ಕಿನ ಹಿಂದಿನ ಪುಟದ ಗೀಟುಗಳನ್ನು ಎಣಿಸಿಯೇ ತಿಳಿಯಬೇಕು.

ಹದಿನೆಂಟನೇ ವಯಸ್ಸಿಗೆ ಕೃಷಿ ಯಂತ್ರಗಳ ಕಾರ್ಖಾನೆಯ ಗಣಕ ವಿಭಾಗಕ್ಕೆ ಸೇರಿದವರು ಕಲಿಪಾ. ಕಬ್ಬಿಣದ ಕಪಾಟಿನಷ್ಟು ದೊಡ್ಡ ಯಂತ್ರಗಳಿಗೆ ಟೇಪು ಸುತ್ತಿದರು. ದೇಶವೇ ಬದಲಾಯಿತು, ಕಾರ್ಖಾನೆಗೆ ಬೀಗ ಬಿತ್ತು. ಆಮೇಲೆ ದೊರ್ದೋಯ್ ಸಂತೆಯಲ್ಲಿ ಹದಿನಾಲ್ಕು ವರ್ಷ ಕಾಲುಚೀಲ ಮಾರಿದರು. ಚಳಿಗೆ ಬೆರಳ ತುದಿಗಳು ಸ್ಪರ್ಶ ಕಳೆದುಕೊಂಡಿವೆ, ಕೀಲಿಗಳನ್ನು ಇವತ್ತಿಗೂ ನೋಡಿಕೊಂಡೇ ಒತ್ತುತ್ತಾರೆ. ಈ ಕಚೇರಿಗೆ ಬಂದದ್ದು ಮೇಜು ಕುರ್ಚಿಗಳಿಗೆ ಸಂಖ್ಯೆಯ ಚೀಟಿ ಅಂಟಿಸಲು. ಒಂದು ದಿನ ಸಗಿನ್ ಎಂಬ ಹಿರಿಯ ಪ್ರೋಗ್ರಾಮರ್ ಎರಡು ದಿನದಿಂದ ಲೈಸೆನ್ಸ್ ಹಿಡಿಯದೆ ತಲೆ ಚಚ್ಚಿಕೊಳ್ಳುತ್ತಿದ್ದಾಗ, ಚೀಟಿ ಅಂಟಿಸುತ್ತಿದ್ದ ಕಲಿಪಾ ಇಣುಕಿ ನೋಡಿ, "ತಮ್ಮಾ, ಈ ಫೈಲಲ್ಲಿರೋ ನಂಬರು ಕಿಟಕಿ ಹತ್ರ ಇರೋ ಯಂತ್ರದ್ದು. ನೀನು ಬೇರೆಯವರ ಮನೆ ಬೀಗದ ಕೈ ಹಿಡ್ಕೊಂಡು ನಿಂತಿದ್ದೀಯ," ಅಂದರು. ಸಗಿನ್ ನಕ್ಕರು, ಮರುದಿನವೇ ಹೊಸ ನೋಟ್‌ಬುಕ್ಕು ತಂದುಕೊಟ್ಟರು. ಅದೇ ಈಗ ಎಣ್ಣೆ ಕಲೆ ಹೊತ್ತು ಮೇಜಿನ ಮೇಲಿರುವುದು.

ಸಗಿನ್ ಈಗಿಲ್ಲ. ಫೆಬ್ರವರಿಯಲ್ಲಿ ಮಧ್ಯಾಹ್ನದ ಊಟಕ್ಕೆಂದು ಮೆಟ್ಟಿಲಿಳಿದವರು ಮೆಟ್ಟಿಲಲ್ಲೇ ಕುಸಿದರು. ಇವತ್ತಿಗೆ ಮೂವತ್ತಾರು ದಿನ. ಮೂಲೆಯಲ್ಲಿರುವ ಅವರ ಮೇಜಿನ ಪರದೆ ಅಂದಿನಿಂದ ಆರಿಲ್ಲ. ಹೋದವರ ಮನೆಯಲ್ಲಿ ನಲವತ್ತು ದಿನ ಬೆಳಕು ಇರಬೇಕಲ್ಲ! ಮನೆಯಲ್ಲಿ ಹೆಂಡತಿ ದೀಪ ಇಟ್ಟಿದ್ದಾರೆ. ಕಚೇರಿಯಲ್ಲಿ ಗೆಳೆಯ ಕುಬಾನಿಚ್ ಆ ಪರದೆಯನ್ನೇ ದೀಪ ಮಾಡಿದ್ದಾರೆ. ಸಗಿನ್ ಎದ್ದು ಹೋದಾಗ ಹೇಗಿತ್ತೋ ಹಾಗೇ, ಅರ್ಧ ಬರೆದ ಸಾಲಿನ ಸಮೇತ ಬೆಳಗುತ್ತಿದೆ.

ಕಲಿಪಾ ಅರವತ್ತಮೂರನೇ ಹೆಜ್ಜೆ ಒತ್ತುತ್ತಾರೆ. ಒತ್ತಡ ಪರೀಕ್ಷೆಯ ಭಾಗ ತೆರೆಯಬೇಕು. ತೆರೆಯುವುದಿಲ್ಲ. ಸೀಟು ಖಾಲಿ ಇಲ್ಲ ಎಂದು ಕೆಂಪು ಅಕ್ಷರ ಬರುತ್ತದೆ.

ಬರೆಯುವ ಭಾಗಕ್ಕೆ ಕಚೇರಿ ಎಂಟು ಸೀಟು ಪಡೆದಿದೆ, ಅಂದರೆ ಒಮ್ಮೆಗೆ ಎಂಟು ಜನ ಬಳಸಬಹುದು. ಒತ್ತಡ ಪರೀಕ್ಷೆಗೆ ಇರುವುದು ಒಂದೇ. ಎರಡನೆಯದು ಬೇಕೆಂಬ ಮಾತು ಪ್ರತಿ ವಸಂತದಲ್ಲಿ ಬರುತ್ತದೆ, ಬೇಸಿಗೆಯೊಳಗೆ ಆವಿಯಾಗುತ್ತದೆ. ಹಾಗಾಗಿ ಕಲಿಪಾ ಒಂದು ಪದ್ಧತಿ ಮಾಡಿದ್ದಾರೆ. ಕಪಾಟಿನಲ್ಲಿ ನೀಲಿ ಹೂವಿನ ಒಂದು ಚಹಾ ಬಟ್ಟಲಿದೆ. ಪರೀಕ್ಷೆ ಮಾಡುವವರು ಬಟ್ಟಲನ್ನು ತಮ್ಮ ಮೇಜಿಗೆ ಒಯ್ಯಬೇಕು, ಮುಗಿಸಿದ ಮೇಲೆ ತೊಳೆದು ವಾಪಸ್ ಇಡಬೇಕು. ಬಟ್ಟಲು ಕಪಾಟಿನಲ್ಲಿದ್ದರೆ ಸೀಟು ಖಾಲಿ ಎಂದರ್ಥ. ಈಗ ಬಟ್ಟಲು ಕಪಾಟಿನಲ್ಲೇ ಇದೆ. ಸೀಟು ಮಾತ್ರ ಇಲ್ಲ.

ಲೈಸೆನ್ಸ್ ನೋಡಿಕೊಳ್ಳುವ ಯಂತ್ರದ ಪಟ್ಟಿ ತೆರೆದರೆ ಒಂದೇ ಹೆಸರು. ಸಗಿನ್. ಮೂವತ್ತಾರು ದಿನದಿಂದ. ಅಷ್ಟು ದಿನ ಬೇರೆ ಯಾರಿಗೂ ಪರೀಕ್ಷೆ ಬೇಕಾಗಿರಲಿಲ್ಲ.

"ತೊಳೆದದ್ದು ನಾನೇ," ಎನ್ನುತ್ತಾರೆ ಕಲಿಪಾ, ಮೆಲ್ಲಗೆ. "ಮಣ್ಣು ಮಾಡಿ ಬಂದ ದಿನ ಅವನ ಮೇಜಿನ ಮೇಲಿಂದ ಬಟ್ಟಲು ತಗೊಂಡೆ, ತೊಳೆದೆ, ಇಟ್ಟೆ. ಕೈ ತಾನಾಗೇ ಮಾಡ್ತು. ಅದು ಬರೀ ಬಟ್ಟಲಲ್ಲ ಅಂತ ನಂಗೇ ಹೊಳೀಲಿಲ್ಲ ನೋಡು."

"ಎಜೆ, ಹಾಗಾದ್ರೆ ಅದನ್ನ ಮುಚ್ಚಿದ್ರೆ..." ಹಿರಿಯಕ್ಕನನ್ನು ಕರೆಯುವಂತೆ ಶುರು ಮಾಡಿದ ಮಾತನ್ನು ಮಿರ್ಲಾನ್ ಮುಗಿಸುವುದಿಲ್ಲ.

ಬಾಗಿಲಲ್ಲಿ ಕುಬಾನಿಚ್ ನಿಂತಿದ್ದಾರೆ. ಕೈಯಲ್ಲಿ ಬಟ್ಟೆಯ ಗಂಟು. ನಿನ್ನೆ ಗುರುವಾರ, ಹೋದವರ ನೆನಪಿಗೆ ಎಣ್ಣೆ ಕಾಯಿಸುವ ದಿನ; ಸಗಿನ್ ಹೆಸರಲ್ಲಿ ಮನೆಯಲ್ಲಿ ಕರಿದ ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ತಂದಿದ್ದಾರೆ. ಕಡಾಯಿಯ ಎಣ್ಣೆಯ ವಾಸನೆ ಇನ್ನೂ ಅವರ ಕೋಟಿನಲ್ಲಿದೆ. ಐವತ್ತೆರಡರ ದಪ್ಪ ಮನುಷ್ಯ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಾರೆ.

"ಯಾರು ಏನನ್ನ ಮುಚ್ಚೋದು?"

ಕಲಿಪಾ ವಿಷಯ ಹೇಳುತ್ತಾರೆ. ಮುಚ್ಚಿಡದೆ, ಬಟ್ಟಲಿನ ತಪ್ಪನ್ನೂ ಸೇರಿಸಿ.

"ಆಗಲ್ಲ," ಎನ್ನುತ್ತಾರೆ ಕುಬಾನಿಚ್. "ಇನ್ನು ನಾಲ್ಕು ದಿನ. ನಲವತ್ತು ತುಂಬಲಿ. ಅವನು ಬಿಟ್ಟು ಹೋದ ಸಾಲು ಅದು. ನಾಲ್ಕು ದಿನ ಕಾಯೋಕಾಗಲ್ವಾ ಈ ಮೇಷ್ಟ್ರಿಗೆ?"

"ಮೇಷ್ಟ್ರಿಗೆ ನಾಲ್ಕು ಗಂಟೆನೂ ಇಲ್ಲ ಬಾಯ್ಕೆ," ಎನ್ನುತ್ತಾರೆ ಮಿರ್ಲಾನ್. ಹಿರಿಯಣ್ಣನನ್ನು ಕರೆಯುವ ಮರ್ಯಾದೆಯಲ್ಲೇ. "ಊರಲ್ಲಿ ನನ್ನ ಜಾಗಕ್ಕೆ ಬೇರೆಯವರು ಬಂದಾಗಿದೆ. ಹೆಂಡ್ತಿ ಮಕ್ಕಳು ಇಲ್ಲಿಗೆ ಬರೋಕೆ ಗಂಟು ಕಟ್ಟಿ ಕೂತಿದ್ದಾರೆ."

"ಸತ್ತವನು ಏನೂ ಕೇಳಲ್ಲ ಅಂತ ಅವನದ್ದೇ ಕಿತ್ಕೊಳ್ತೀರಾ?"

ಕುಬಾನಿಚ್ ಹೋಗಿ ಸಗಿನ್ ಮೇಜಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಕಲಿಪಾ ಕಚೇರಿಯ ಮುಖ್ಯಸ್ಥ ಇಲಿಯಾಸ್‌ಗೆ ಒಂದು ಫೋನು ಮಾಡಿದರೆ ಸಾಕು, 'ಮುಚ್ಚಿ ಅತ್ಲಾಗೆ' ಎಂಬ ಅಪ್ಪಣೆ ಬರುತ್ತದೆ. ಲೈಸೆನ್ಸ್ ಯಂತ್ರದಿಂದಲೇ ಸೀಟು ಕಸಿಯುವ ಆಜ್ಞೆಯೂ ಅವರಿಗೆ ಗೊತ್ತು, ನೋಟ್‌ಬುಕ್ಕಿನಲ್ಲೇ ಇದೆ. ಎರಡನ್ನೂ ಮಾಡುವುದಿಲ್ಲ. ಎದ್ದು ಬಂದು ಸಗಿನ್‌ರ ಪರದೆಯನ್ನು ಹತ್ತಿರದಿಂದ ನೋಡುತ್ತಾರೆ.

"ಕುಬಾನಿಚ್, ಒಂದು ಯಂತ್ರದಲ್ಲಿ ಎಷ್ಟು ಕಿಟಕಿ ತೆರೆದ್ರೂ ಸೀಟು ಒಂದೇ. ಅವನ ಕಿಟಕಿ ಹಾಗೇ ಇರಲಿ. ಪಕ್ಕದಲ್ಲಿ ಇವನದ್ದೊಂದು ತೆರೀತೀನಿ. ಇವನು ಇಲ್ಲೇ ಕೂರ್ತಾನೆ."

"ಸಗಿನ್ ಕುರ್ಚೀಲಾ?"

"ಬೇರೆ ಕುರ್ಚಿ ಹಾಕ್ಕೊಳ್ಳಲಿ. ಮನೇಲಿ ದೀಪ ಇಟ್ಟಿದ್ದಾಳಲ್ಲ ಅವನ ಹೆಂಡತಿ, ಆ ಬೆಳಕಲ್ಲಿ ಮಕ್ಕಳು ಓದ್ಕೊಳ್ಳಲ್ವಾ?"

ಕುಬಾನಿಚ್ ಮೇಜಿನಿಂದ ಪಕ್ಕಕ್ಕೆ ಸರಿಯುತ್ತಾರೆ. "ಪರದೆ ಆರಿದ್ರೆ ಮಾತ್ರ ಎಜೆ, ನಿಮ್ಮನ್ನ ನಾನು ಮಾತಾಡಿಸಲ್ಲ."

"ಮಾತಾಡಿಸದಿದ್ರೆ ನಿನ್ನ ಯಂತ್ರ ಕೆಟ್ಟಾಗ ಕೈಸನ್ನೆ ಮಾಡ್ತೀಯಾ?"

ಹೇಳುವುದೇನೋ ಸುಲಭ. ಸಗಿನ್‌ರ ಯಂತ್ರ ಹಳೆಯದು. ಮಿರ್ಲಾನ್‌ರ ಕೆಲಸಕ್ಕೆ ಹೊಸ ಡೇಟಾಬೇಸ್ ಭಾಗಗಳು ಬೇಕು. ಅವನ್ನು ಹಾಕಿದಾಗಲೆಲ್ಲ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕೆಂಬುದು ಕೈಪಿಡಿಯ ನಿಯಮ. ಈ ಯಂತ್ರವನ್ನು ಆರಿಸುವಂತಿಲ್ಲ. ಏಳು ಗಂಟೆಯ ಕೆಲಸಕ್ಕೆ ಇರುವುದು ಮೂರು ಗಂಟೆ.

ಕಲಿಪಾ ಈಗ ಕೋಟು ತೆಗೆಯುತ್ತಾರೆ. ಮೊದಲು ಮಾಡುವ ಕೆಲಸಕ್ಕೂ ಕಂಪ್ಯೂಟರಿಗೂ ಸಂಬಂಧವಿಲ್ಲ. ಪೆನ್ನು ಹಿಡಿದು, ಪರದೆಯ ಮೇಲಿರುವ ಸಗಿನ್‌ರ ಕೊನೆಯ ಹದಿಮೂರು ಸಾಲುಗಳನ್ನು ಅಕ್ಷರ ಬಿಡದೆ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಕರೆಂಟು ಹೋದರೆ? ಕೈ ತಪ್ಪಿದರೆ? ಹದಿಮೂರನೇ ಸಾಲು ಅರ್ಧಕ್ಕೆ ನಿಂತಿದೆ, ಅದನ್ನು ಅರ್ಧಕ್ಕೇ ಬರೆಯುತ್ತಾರೆ. ಕುಬಾನಿಚ್ ಹೆಗಲ ಮೇಲಿಂದ ನೋಡುತ್ತಾ, "ಎಂಟನೇ ಸಾಲಲ್ಲಿ ಒಂದು ಚುಕ್ಕೆ ಬಿಟ್ರಿ," ಎನ್ನುತ್ತಾರೆ. ಕಲಿಪಾ ಚುಕ್ಕೆ ಇಡುತ್ತಾರೆ.

ಆಮೇಲೆ ನೋಟ್‌ಬುಕ್ಕಿನ ಪುಟಗಳು ತಿರುಗುತ್ತವೆ. ಈಗ ಯಂತ್ರವನ್ನು ಮತ್ತೆ ಆರಂಭಿಸಲೇ ಎಂದು ಪರದೆ ಮೂರು ಸಲ ಕೇಳುತ್ತದೆ. ಮೂರು ಸಲವೂ ಕಲಿಪಾ 'ನಂತರ' ಒತ್ತುತ್ತಾರೆ. "ಇದಕ್ಕೆ ಸುಮ್ನೆ ನಿದ್ದೆ ಮಾಡೋ ಆಸೆ," ಎಂದು ಗೊಣಗುತ್ತಾರೆ. ಆದರೆ ಆರಿಸದೆ ಹೊಸ ಭಾಗ ಎಚ್ಚರಗೊಳ್ಳುವುದಿಲ್ಲ. ಡೇಟಾಬೇಸಿನ ಹಿಂದೆ ಕೂತು ಕೆಲಸ ಮಾಡುವ ಸಣ್ಣ ಪ್ರೋಗ್ರಾಂ ಒಂದನ್ನು ಮಾತ್ರ ಕೈಯಿಂದ ನಿಲ್ಲಿಸಿ ಎಬ್ಬಿಸುತ್ತಾರೆ. ಹೊಸ ಭಾಗ ಎಲ್ಲಿದೆ ಎಂಬ ದಾರಿಯನ್ನು ಇಡೀ ಯಂತ್ರಕ್ಕೆ ಹೇಳದೆ, ಮಿರ್ಲಾನ್‌ರ ಒಂದು ಕಿಟಕಿಗೆ ಮಾತ್ರ ಹೇಳುತ್ತಾರೆ. ಹಳೆಯ ದಾರಿಯಲ್ಲೇ ಇರುವ ಸಗಿನ್‌ರ ಕಿಟಕಿಗೆ ಇದರ ಸುಳಿವೂ ಸಿಗುವುದಿಲ್ಲ.

ಎಂಟೂವರೆಗೆ ಮೊದಲ ಸಲ ಓಡಿಸಿದಾಗ ಪ್ರೋಗ್ರಾಂ ಅರ್ಧಕ್ಕೇ ಬೀಳುತ್ತದೆ. ಒಂಬತ್ತು ಗಂಟೆಗೆ ಮತ್ತೆ ಬೀಳುತ್ತದೆ. ಉಳಿದವರು ಕೆಲಸಕ್ಕೆ ಬಂದು ಸುತ್ತ ನಿಂತು ತಲೆಗೊಂದು ಸಲಹೆ ಕೊಡುತ್ತಾರೆ. "ಸಲಹೆ ಕೊಡೋರೆಲ್ಲ ಒಂದೊಂದು ಬೋರ್ಸೋಕ್ ಬಾಯಿಗೆ ಹಾಕ್ಕೊಳ್ಳಿ," ಎನ್ನುತ್ತಾರೆ ಕಲಿಪಾ, ತಲೆ ಎತ್ತದೆ. ಗಂಟು ಬಿಚ್ಚಿ ಹಂಚುವವರು ಕುಬಾನಿಚ್. ಒಂಬತ್ತೂ ನಲವತ್ತಕ್ಕೆ ಕಲಿಪಾರ ಬೆರಳು ನೋಟ್‌ಬುಕ್ಕಿನ ಇಪ್ಪತ್ತೊಂಬತ್ತನೇ ಹೆಜ್ಜೆಯ ಮೇಲೆ ನಿಲ್ಲುತ್ತದೆ. ಹಳೆಯ ಯಂತ್ರಗಳಲ್ಲಿ ಆ ಹೆಜ್ಜೆಯ ಫೈಲು ಬೇರೆ ಜಾಗದಲ್ಲಿರುತ್ತದೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದೆ. ಆ ಅಕ್ಷರ ಸಗಿನ್‌ರದ್ದು. ಫೈಲನ್ನು ಸರಿಯಾದ ಜಾಗಕ್ಕೆ ಸೇರಿಸಿ ಒತ್ತುತ್ತಾರೆ. ಕೊಳವೆಗಳ ನಕ್ಷೆ ಪರದೆಯ ಅರ್ಧ ಭಾಗದಲ್ಲಿ ಹಸಿರಾಗಿ ಬಿಚ್ಚಿಕೊಳ್ಳುತ್ತದೆ. ಉಳಿದರ್ಧದಲ್ಲಿ ಹದಿಮೂರು ಸಾಲುಗಳು, ಇದ್ದ ಹಾಗೇ.

ಹತ್ತಕ್ಕೆ ಬಂದ ರಾಯಿಸಾ ಪಾವ್ಲೊವ್ನಾ ಮೂಲೆಯ ಮೇಜನ್ನೂ ಸ್ಟೂಲಿನ ಮೇಲೆ ಕೂತ ಮಿರ್ಲಾನ್‌ರನ್ನೂ ಖಾಲಿ ಕುರ್ಚಿಯನ್ನೂ ನೋಡಿ, ನೇರ ಪರದೆಯ ಹತ್ತಿರ ಬರುತ್ತಾರೆ. ಒತ್ತಡ ಏರಿಸಿ ತೋರಿಸು ಎನ್ನುತ್ತಾರೆ. ಮಿರ್ಲಾನ್ ಏರಿಸುತ್ತಾರೆ. ಎಂಟು ಸೆಕೆಂಡಿಗೆ ಒಂದು ಕವಾಟ ಕೆಂಪಾಗಿ ಎಚ್ಚರಿಕೆ ಬರುತ್ತದೆ. "ನಮ್ಮವರು ಫೋನೆತ್ತೋಕೇ ಎಂಟು ನಿಮಿಷ ತಗೋತಾರೆ," ಎಂದು ಆಕೆ ನಗುತ್ತಾರೆ. ಇಲಿಯಾಸ್ ಮಿರ್ಲಾನ್‌ರ ಬೆನ್ನು ತಟ್ಟಿ, ಸೋಮವಾರ ಕಾಗದಕ್ಕೆ ಸಹಿ ಹಾಕಲು ಬರಬೇಕೆಂದು ಹೇಳುತ್ತಾರೆ. ಹೊರಡುವಾಗ ಏನೋ ನೆನಪಾದಂತೆ ತಿರುಗಿ, "ಕಲಿಪಾ ಎಜೆ, ಕೆಳಗಿನ ಪ್ರಿಂಟರು ಮತ್ತೆ ಕಾಗದ ತಿಂತಿದೆ," ಎನ್ನುತ್ತಾರೆ.

ಮಧ್ಯಾಹ್ನ. ಹಿಮ ನಿಂತಿದೆ. ಮಿರ್ಲಾನ್ ಮೆಟ್ಟಿಲ ಬಳಿ ನಿಂತು ಹೆಂಡತಿಗೆ ಫೋನಿನಲ್ಲಿ ಹೇಳುತ್ತಿರುವುದು ಮಹಡಿಗೆಲ್ಲ ಕೇಳುತ್ತದೆ. ಕುಬಾನಿಚ್ ಕಲಿಪಾರ ಬಳಿ ಬಂದು, "ಮಂಗಳವಾರ ನಲವತ್ತು ಆಗತ್ತೆ. ಮುಚ್ಚೋವಾಗ ನೀವೇ ಬರ್ಬೇಕು. ನಂಗೆ ಕೈ ಬರಲ್ಲ," ಎನ್ನುತ್ತಾರೆ. ಕಲಿಪಾ ತಲೆಯಾಡಿಸುತ್ತಾರೆ.

ಇಷ್ಟೆಲ್ಲ ಮಾಡಿದ್ದು ನೀವು, ನಿಮ್ಮ ಹೆಸರು ಒಬ್ಬರೂ ಎತ್ತಲಿಲ್ಲವಲ್ಲ ಎಂದರೆ ಕಲಿಪಾಗೆ ನಗು ಬರುತ್ತದೆ. ಪ್ರಿಂಟರಿನ ಹೊಟ್ಟೆಯಿಂದ ಹರಿದ ಕಾಗದ ಎಳೆಯುತ್ತಲೇ ಹೇಳುತ್ತಾರೆ:

"ಹೆಸರು ಕಟ್ಕೊಂಡು ಏನ್ಮಾಡ್ಲಿ? ನನ್ನಾಸೆ ಬೇರೆ ಇದೆ. ಇನ್ಮುಂದೆ ಇಲ್ಲಿಗೆ ಹೊಸಬರು ಯಾರೇ ಬರಲಿ, ಮೊದಲನೇ ದಿನ ಕೂತು ಒತ್ತಿದ ತಕ್ಷಣ ಓಡಬೇಕು. ಇದರ ಹಿಂದೆ ಒಬ್ಬಳು ಏಳು ಗಂಟೆ ಕೂತಿದ್ಲು ಅಂತ ಅವರ ತಲೆಗೇ ಬರಬಾರದು. ಬಂತು ಅಂದ್ರೆ, ನಾನು ಎಲ್ಲೋ ಒಂದು ಹೆಜ್ಜೆ ಬಿಟ್ಟಿದ್ದೀನಿ ಅಂತ ಅರ್ಥ."