ಸುಗುಣಳ ಸಂಗೀತಶಾಸ್ತ್ರಕ್ಕೆ ಮೇಷ್ಟ್ರು ಸಿಕ್ಕಿದ್ದು

ನಮ್ಮ ಸುಗುಣ ಪಾಸಾದಳು! ಬರಿಯ ಪಾಸಲ್ಲ, ಸಂಗೀತವನ್ನು ಐಚ್ಛಿಕ ವಿಷಯವಾಗಿ ಹಿಡಿದು, ಅದರ ಶಾಸ್ತ್ರದ ಪತ್ರಿಕೆಯೆಂಬ ಸಮುದ್ರವನ್ನೂ ದಾಟಿ, ಎಸ್ಸೆಸ್ಸೆಲ್ಸಿ ಪಾಸಾದಳು. ನಿನ್ನೆ ಬೆಳಗಿನ ಪೇಪರಿನಲ್ಲಿ ಇರುವೆಸಾಲಿನಂತೆ ಅಚ್ಚಾಗಿದ್ದ ಅಂಕೆಗಳ ನಡುವೆ ನನ್ನ ಮೊಮ್ಮಗಳ ನಂಬರನ್ನು ನಾನೇ ಕಂಡೆ. ಮೂರನೆಯ ಕ್ಲಾಸಿಗೇ ಶಾಲೆ ಬಿಟ್ಟವನ ಕಣ್ಣನ್ನು ನಂಬುವುದು ಹೇಗೆ? ಅದಕ್ಕಾಗಿ ಸಾಸ್ತಾನದ ಬಸ್‌ಸ್ಟ್ಯಾಂಡಿನಲ್ಲಿ ಬೀಡಾ ಅಂಗಡಿಯವನಿಂದ ಒಮ್ಮೆ, ಬಸ್ಸಿನ ಕಂಡಕ್ಟರನಿಂದ ಒಮ್ಮೆ, ಗುರುತೇ ಇಲ್ಲದ ಒಬ್ಬ ಪ್ರಯಾಣಿಕರಿಂದ ಇನ್ನೊಮ್ಮೆ ಓದಿಸಿದೆ. ಪುನಃ ಬೀಡಾ ಅಂಗಡಿಗೆ ಹೋದಾಗ ಅವನು ಕೈಮುಗಿದ. “ಅಜ್ಜಯ್ಯಾ, ಇನ್ನೆಷ್ಟ್ ಸಲ ಓದ್ಸ್ತ್ರಿ? ನಂಬ್ರ್ ಸವ್ದ್ ಹೋತ್ತ್ ಮಾರಾಯ್ರೆ!” ಸವೆದರೆ ಸವೆಯಲಿ. ಅಚ್ಚಿನ ಮನೆಯವರು ಕಪ್ಪು ಮಸಿಯನ್ನು ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಬಳಸಿದ್ದನ್ನು ನಾನಂತೂ ಕಾಣೆ.

ಒಂದು ಪರೀಕ್ಷೆಗೆ ಈ ಮುದುಕ ಇಷ್ಟು ಕುಣಿಯುವುದೇಕೆ ಎಂದು ನಿಮಗೆ ಅನ್ನಿಸಬಹುದು. ಹೇಳುತ್ತೇನೆ, ಬಸ್ಸು ಬರಲು ಇನ್ನೂ ಹೊತ್ತಿದೆ ಎಂದುಕೊಂಡು ನನ್ನ ಪಕ್ಕದಲ್ಲಿ ಕುಳಿತುಕೊಳ್ಳಿ.

ಸುಗುಣ ನನ್ನ ಮಗ ಸಂಜೀವನ ಹಿರಿಮಗಳು. ಕಂಠ ಒಳ್ಳೆಯದು, ಅವಳು ಬಾವಿಕಟ್ಟೆಯಲ್ಲಿ ಗುನುಗಿದರೆ ಗದ್ದೆಯಲ್ಲಿ ನಾನು ಹಾರೆ ನಿಲ್ಲಿಸುತ್ತಿದ್ದೆ. ಹಾರೆ ನಿಲ್ಲಿಸಲು ನನಗೆ ಬೇರೆ ಕಾರಣಗಳೂ ಇರುತ್ತಿದ್ದವೆಂದು ನನ್ನ ಹೆಂಡತಿ ಗುಲಾಬಿ ಹೇಳುತ್ತಾಳೆ, ಅದು ಹಾಗಿರಲಿ. ಬ್ರಹ್ಮಾವರದ ಕಡೆಯ ಅವಳ ಹೈಸ್ಕೂಲಿನಲ್ಲಿ ಸಂಗೀತಕ್ಕೊಬ್ಬ ಟೀಚರಿದ್ದರು. ಆ ಟೀಚರು ಮದುವೆಯಾಗಿ, ಆಟಿ ತಿಂಗಳು, ಅಂದರೆ ಆಷಾಢ, ಕಳೆಯುತ್ತಲೇ ಗಂಡನ ಊರಾದ ಧಾರವಾಡಕ್ಕೆ ಹೊರಟುಹೋದರು. ಬದಲಿಗೆ ಯಾರೂ ಬರಲಿಲ್ಲ. ಉಳಿದ ಹುಡುಗಿಯರೆಲ್ಲ ಜಾಣರಾಗಿ ಬೇರೆ ವಿಷಯಕ್ಕೆ ದಾಟಿಕೊಂಡರು. ಇವಳೊಬ್ಬಳು ಒಲ್ಲೆ ಎಂದಳು. ಟೀಚರು ಬಿಟ್ಟುಹೋದ ಆ ಕುರ್ಚಿಯ ಮೇಲೆ ಮುಂದೊಂದು ದಿನ ತಾನೇ ಕೂರಬೇಕೆಂಬುದು ಅವಳ ಆಸೆ. ಹೆಡ್‌ಮಾಸ್ತರರು ಒಳ್ಳೆಯವರು, ಬಿಡಿಸಿ ಹೇಳಿದರು: ಹಾಡುವುದಕ್ಕೆ ಭಯವಿಲ್ಲ, ಆದರೆ ಶಾಸ್ತ್ರಕ್ಕೆ ಬೇರೆಯೇ ಪತ್ರಿಕೆ ಇದೆ, ಅದರಲ್ಲಿ ಬಿದ್ದರೆ ಇಡೀ ಪರೀಕ್ಷೆಯಲ್ಲಿ ಬಿದ್ದಂತೆ, ಹೊರಗೆಲ್ಲಾದರೂ ಹೇಳಿಸಿಕೊಂಡರೆ ಮಾತ್ರ ಮುಂದುವರಿಯಲಿ ಎಂದು. ಸಂಜೀವನದು ಯಾವಾಗಲೂ ಒಂದೇ ವಾಕ್ಯ. “ಫೇಲಾದ್ರೆ ಇನ್ನೊಂದ್ ವರ್ಷ ಶಾಲಿ ಇಲ್ಲೆ, ಈಗ್ಲೇ ಹೇಳಿದ್ದೆ.” ಅವನು ಹೇಳಿದ್ದನ್ನು ಮಾಡುವ ಜಾತಿಯವನು. ಸುಗುಣಳ ಕಣ್ಣು ತುಂಬಿತು. ನನ್ನ ಎದೆ ಉಬ್ಬಿತು. ಶಾಸ್ತ್ರ ಹೇಳಿಕೊಡಲು ಹೊರಗೆ ಯಾಕೆ ಹುಡುಕಬೇಕು, ಮನೆಯಲ್ಲಿ ನಾನಿಲ್ಲವೇ?

ಇಲ್ಲಿ ನನ್ನ ವಿದ್ವತ್ತಿನ ವಿಚಾರ ಸ್ವಲ್ಪ ಹೇಳಬೇಕು. ನನಗೆ ಅಕ್ಷರ ಕಲಿಸಿದ್ದು ಶಾಲೆಯಾದರೂ ಮಾತು ಕಲಿಸಿದ್ದು ಯಕ್ಷಗಾನ. ‘ಕಿಂಕರ್ತವ್ಯಮೂಢ’ ಎಂಬಂಥ ಶಬ್ದವನ್ನು ನಾನು ಪುಸ್ತಕದಿಂದ ಎತ್ತಿದ್ದಲ್ಲ, ಕೌರವನ ಬಾಯಿಂದ ನೇರವಾಗಿ ಇಳಿಸಿಕೊಂಡದ್ದು. ಊರಿನ ತಾಳಮದ್ದಳೆ ಕೂಟಕ್ಕೆ ಮದ್ದಳೆಯವರು ಬಾರದೆ ಇದ್ದ ದಿನ ಮದ್ದಳೆಗೆ ಕೂರುವವನೂ ನಾನೇ. ಅವರು ಬಾರದಿರಲಿ ಎಂದು ಮನಸ್ಸಿನಲ್ಲೇ ಹರಕೆ ಹೊತ್ತದ್ದೂ ಉಂಟು. ಇಂಥ ಮಹಾನುಭಾವನಿಗೆ ಒಂದು ಹೈಸ್ಕೂಲು ಹುಡುಗಿಯ ತಾಳದ ಪಾಠ ಯಾವ ಲೆಕ್ಕ? ಜಗಲಿಯಲ್ಲಿ ಕೂರಿಸಿಕೊಂಡು ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ, ಕೋರೆ, ಆದಿ ಎಂದು ಯಕ್ಷಗಾನದ ಏಳೂ ತಾಳಗಳನ್ನು ತೊಡೆ ಕೆಂಪಾಗುವಷ್ಟು ತಟ್ಟಿಸಿದೆ. ತಾಳದ ಅಂಗಗಳೆಂದರೇನು ಎಂದು ಅವಳು ಕೇಳಿದಾಗ ಕ್ಷಣವೂ ತಡವರಿಸದೆ, ಎತ್ತುಗಡೆ, ಬಿಡ್ತಿಗೆ, ಮುಕ್ತಾಯ ಎಂದು ನಮ್ಮ ಮದ್ದಳೆಯವರ ಮಾತುಗಳನ್ನೇ ಬರೆಸಿದೆ. ನಲವತ್ತು ವರ್ಷ ಆಟ ಕಂಡವನ ಉತ್ತರ. ಅದರಲ್ಲಿ ಸಂಶಯಕ್ಕೆ ಎಡೆಯೆಲ್ಲಿ?

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಯನ್ನು ಬೇರೆ ಶಾಲೆಯ ಸಂಗೀತದ ಟೀಚರೊಬ್ಬರು ತಿದ್ದಿ ಕಳಿಸಿದರು. ‘ಸಪ್ತತಾಳಗಳನ್ನು ಹೆಸರಿಸಿ’ ಎಂಬಲ್ಲಿ ಕರ್ನಾಟಕ ಸಂಗೀತದ ಧ್ರುವ, ಮಠ್ಯ ಮೊದಲಾದವು ಬರಬೇಕಿತ್ತಂತೆ. ಅಂಗಗಳೆಂದರೆ ಲಘು, ದ್ರುತ ಎಂದು ಬರಬೇಕಿತ್ತಂತೆ. ನನ್ನ ಬಿಡ್ತಿಗೆಯ ಮೇಲೆ ಒಂದು ಕೆಂಪು ಗೀಟು, ಮುಕ್ತಾಯದ ಮೇಲೆ ಇನ್ನೊಂದು. ಕೊನೆಯಲ್ಲಿ ದುಂಡಗಿನ ಸೊನ್ನೆ. ಸುಗುಣ ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋಗಿ, ಅಂದಿನಿಂದ ಬಾವಿಕಟ್ಟೆಯಲ್ಲಿ ಗುನುಗುವುದನ್ನು ನಿಲ್ಲಿಸಿದಳು. ಅವಳು ಅತ್ತು ರಂಪ ಮಾಡಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಗುಲಾಬಿ ಬಿಡುವವಳಲ್ಲ. “ನಿಮ್ಮ್ ಮದ್ಲಿ ಹೆಣ್ಣಿನ್ ತಲಿ ಮೇಲ್ ಬಾರ್ಸಿ ಆಯ್ತಲ್ದಾ? ಇನ್ನಾರೂ ಬಲ್ಲವ್ರನ್ ಹುಡ್ಕಿ.”

ಬಲ್ಲವರೆಂದರೆ ನನ್ನ ಕಲ್ಪನೆ ಎಷ್ಟು ದೂರ ಹೋದೀತು? ಕೊಕ್ಕರ್ಣೆಯಲ್ಲಿ ವಯಸ್ಸಾದ ಒಬ್ಬ ಭಾಗವತರಿದ್ದರು. ಅವರು ಪದ ಎತ್ತಿದರೆ ಸಭೆ ಉಸಿರು ಬಿಡುತ್ತಿರಲಿಲ್ಲ. ಅವರಲ್ಲಿಗೇ ಹೋದೆ. ಅವರು ಉತ್ತರಪತ್ರಿಕೆಯನ್ನು ಸಾವಕಾಶವಾಗಿ ಓದಿ, ಕನ್ನಡಕ ತೆಗೆದು, ಬೆಲ್ಲ-ನೀರು ಕೊಟ್ಟು ಹೇಳಿದರು. “ಕಾಣಿ, ನಂಗೆ ಪದ ಹೇಳುಕ್ ಬತ್ತ್, ಈ ಶಾಸ್ತ್ರ ಬರ್ಸುಕ್ ಬತ್ತಿಲ್ಲೆ. ನಮ್ದೂ ತಪ್ಪಲ್ಲ, ಅವ್ರದ್ದೂ ತಪ್ಪಲ್ಲ. ಆದ್ರೆ ಪರೀಕ್ಷಿ ಅವ್ರದ್ದ್.” ಅಷ್ಟು ದೊಡ್ಡ ಕಲಾವಿದರು ‘ನನಗೆ ಬಾರದು’ ಎಂಬ ಮಾತನ್ನು ಎಷ್ಟು ಹಗುರವಾಗಿ ಆಡಿದರೆಂದರೆ, ಅದೇ ಮಾತನ್ನು ಮೂರು ತಿಂಗಳ ಹಿಂದೆ ಆಡಲಾರದೆ ಹೋದ ನಾನು ಅವರ ಅಂಗಳ ದಾಟುವವರೆಗೂ ತಲೆ ಎತ್ತಲಿಲ್ಲ.

ಬೈಂದೂರಿಗೆ ಕೊಟ್ಟ ಮಗಳಿಗೆ ಕಾಗದ ಬರೆಸಿದೆ. ಅಲ್ಲಿಯೂ ಯಾರೂ ಇಲ್ಲವೆಂದು ಉತ್ತರ ಬಂತು. ಕುಂದಾಪುರದಲ್ಲಿ ಒಬ್ಬರು ಹಾರ್ಮೋನಿಯಂ ಕಲಿಸುತ್ತಾರೆಂದು ಯಾರೋ ಹೇಳಿದರು. ಹೋದರೆ ಅವರು ಸಿನಿಮಾ ಹಾಡು ಒಂದು ವಾರದಲ್ಲಿ ಕಲಿಸುತ್ತೇನೆ, ಶಾಸ್ತ್ರ ಮಾತ್ರ ಕೇಳಬೇಡಿ ಎಂದರು. ಸೋತು ಅಲ್ಲಿನ ಬಸ್‌ಸ್ಟ್ಯಾಂಡಿನ ಬಳಿಯ ನನ್ನ ಮಾಮೂಲು ಹೋಟೆಲಿಗೆ ನುಗ್ಗಿ ಚಾ ಹೇಳಿ, ಕಿಸೆಯಲ್ಲಿದ್ದ ಆ ಉತ್ತರಪತ್ರಿಕೆಯನ್ನು ಎಷ್ಟನೆಯ ಬಾರಿಗೋ ಬಿಡಿಸಿ ಮೇಜಿನ ಮೇಲೆ ಹರಡಿದೆ. ಚಾ ತಂದವರು ಹೋಟೆಲಿನ ಯಜಮಾನ ಮಹಾಬಲ ಶೆಟ್ಟರೇ. ಲೋಟ ಇಡಲು ಬಗ್ಗಿದವರು ಬಗ್ಗಿಯೇ ಉಳಿದರು.

“ಹ್ವಾಯ್, ಈ ಉತ್ರ ಬರ್ದದ್ ಯಾರ್?”

“ನಮ್ಮ್ ಮೊಮ್ಮಗ್ಳ್.”

“ಹೇಳ್ಕೊಟ್ಟದ್?”

ನಾನು ಚಾ ಊದತೊಡಗಿದೆ. ಶೆಟ್ಟರು ನನ್ನ ಮುಖವನ್ನೊಮ್ಮೆ, ತಾಳ ತಟ್ಟಿ ದಪ್ಪಗಾದ ಬೆರಳುಗಳನ್ನೊಮ್ಮೆ ಕಂಡರು. “ಗೊತ್ತಾಯ್ತ್. ಆಟದ್ ಪರೀಕ್ಷಿ ಆದ್ರೆ ಹೆಣ್ಣಿಗ್ ನೂರಕ್ಕ್ ನೂರ್. ಬಪ್ಪ್ ಶೆನಿವಾರ ಅವ್ಳನ್ ಕರ್ಕಂಡ್ ಬನ್ನಿ, ಕಾಂಬ.”

ಶೆಟ್ಟರ ಕಥೆ ಇಷ್ಟು. ಹನ್ನೆರಡರ ವಯಸ್ಸಿಗೆ ಬೊಂಬಾಯಿಗೆ ಹೋಗಿ ಮಾಟುಂಗದ ಒಂದು ಹೋಟೆಲಿನಲ್ಲಿ ರುಬ್ಬುವ ಕಲ್ಲಿನ ಮುಂದೆ ಕೂತವರು. ಮೇಲಿನ ಮಹಡಿಯಲ್ಲಿ ತಮಿಳು ಗುರುಗಳೊಬ್ಬರ ಸಂಗೀತ ಶಾಲೆ. ಕೆಳಗೆ ಹಿಟ್ಟು, ಮೇಲೆ ಸ್ವರ. ಒಂದು ದಿನ ಮೇಲೆ ಶಿಷ್ಯನೊಬ್ಬ ತಪ್ಪಿದ್ದನ್ನು ಇವರು ಕೆಳಗಿನಿಂದ ಸರಿಯಾಗಿ ಹಾಡಿದರಂತೆ. ಗುರುಗಳು ಇಳಿದು ಬಂದು, ಹಿಟ್ಟಿನ ಕೈಯನ್ನೇ ಹಿಡಿದು ಮೇಲಕ್ಕೆ ಕರೆದುಕೊಂಡು ಹೋದರಂತೆ. ಹದಿನಾರು ವರ್ಷ ಕಲಿತು, ಪರೀಕ್ಷೆಗಳನ್ನೂ ಮುಗಿಸಿ, ಊರಿಗೆ ಬಂದು ಹೋಟೆಲು ಇಟ್ಟವರನ್ನು ಇಲ್ಲಿ ಯಾರೂ ಸಂಗೀತ ಕೇಳಲಿಲ್ಲ. ಎಲ್ಲರೂ ಗೋಳಿಬಜೆಯನ್ನೇ ಕೇಳಿದರು. ನಾನೂ ಎಷ್ಟೋ ವರ್ಷದಿಂದ ಅದನ್ನೇ ಕೇಳುತ್ತಿದ್ದವನು.

ಇನ್ನೊಂದು ಸಂಕಟ ಮನೆಯಲ್ಲಿ ಕಾದಿತ್ತು. ಪ್ರಾಯಕ್ಕೆ ಬಂದ ಹುಡುಗಿ ಹೋಟೆಲಿನಲ್ಲಿ ಕೂರುವುದೆಂದರೇನು? ತಾನೇ ಕಂಡು ಬರುತ್ತೇನೆಂದು ಗುಲಾಬಿ ಮೊದಲ ಶನಿವಾರ ನಮ್ಮೊಡನೆ ಹೊರಟಳು. ಹೋಟೆಲಿನ ಹಿಂದಿನ ಜಗಲಿಯಲ್ಲಿ ಶೆಟ್ಟರ ಹೆಂಡತಿ ಅಕ್ಕಿ ಕೇರುತ್ತಿದ್ದರು. ಇಬ್ಬರೂ ‘ನಿಮ್ಮ್ ತಾಯಿಮನಿ ಎಲ್ಲಾಯ್ತ್?’ ಎಂದು ಶುರುಮಾಡಿ, ಅಮಾಸೆಬೈಲಿನ ಒಂದು ಮನೆಯ ಮೂಲಕ ಸುತ್ತಿ ಬಳಸಿ ಸಂಬಂಧ ಹಿಡಿದು ಅಕ್ಕ-ತಂಗಿಯರೇ ಆಗಿಬಿಟ್ಟರು. ಅಲ್ಲಿಂದ ಮುಂದೆ ಅದು ಹೋಟೆಲಲ್ಲ, ನೆಂಟರ ಮನೆ.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ಚಾಕ್ಕೆ ಜನ ಬರುವ ಮೊದಲು ಪಾಠ. ಎಪ್ಪತ್ತೆರಡು ಮೇಳರಾಗಗಳು ಸುಗುಣಳ ತಲೆಯಲ್ಲಿ ಕಲಸಿದ ಹಿಟ್ಟಾಗಿದ್ದವು. ಶೆಟ್ಟರು ತೊಳೆದು ಕವುಚಿದ್ದ ಇಡ್ಲಿ ತಟ್ಟೆಗಳನ್ನು ತಂದು ಸಾಲಾಗಿ ಹರಡಿದರು: ಹನ್ನೆರಡು ತಟ್ಟೆ, ಒಂದೊಂದರಲ್ಲಿ ಆರಾರು ಗುಳಿ. “ಕಾಣ್ ಹೆಣೆ, ತಟ್ಟಿ ಅಂದ್ರೆ ಚಕ್ರ. ತಟ್ಟಿ ಬದ್ಲಾದ್ರೆ ರಿಷಭ ಗಾಂಧಾರ ಬದ್ಲ್, ಗುಳಿ ಬದ್ಲಾದ್ರೆ ಧೈವತ ನಿಷಾದ ಬದ್ಲ್. ಈಚಿ ಆರ್ ತಟ್ಟಿಗ್ ಶುದ್ಧ ಮಧ್ಯಮ, ಆಚಿ ಆರಕ್ಕ್ ಪ್ರತಿ ಮಧ್ಯಮ. ಇಪ್ಪತ್ತೊಂಬತ್ತ್ ಎಲ್ಲಿತ್ತ್?” ಸುಗುಣ ಎಣಿಸುವ ಮೊದಲೇ, ಅವಳ ಬಾಯಿಪಾಠ ಕೇಳಿ ಕೇಳಿ ಹೆಸರು ಕಲಿತು ಗೋಡೆಗೆ ಒರಗಿ ಕೂತಿದ್ದ ನಾನು “ಐದನೇ ತಟ್ಟಿ, ಐದನೇ ಗುಳಿ, ಶಂಕರಾಭರಣ!” ಎಂದು ಕೂಗಿದೆ. ಶೆಟ್ಟರು ತಿರುಗಲೂ ಇಲ್ಲ. “ಅಜ್ಜ, ನೀವ್ ಪರೀಕ್ಷಿಗ್ ಕೂಕಂಬ್ದಾರೆ ಫೀಜ್ ಕಟ್ಟಿ. ಇಲ್ದಿರೆ ಬಾಯ್ ಮುಚ್ಕಂಡ್ ಕೂಕಣಿ.” ಸುಗುಣ ನಕ್ಕಳು. ಎಷ್ಟು ತಿಂಗಳ ಮೇಲೆ! ನನ್ನ ಬಾಯಿ ಮುಚ್ಚಿಸಿದ ಮಾತಿಗೆ ನಾನು ಇಷ್ಟು ಸಂತೋಷಪಟ್ಟದ್ದು ಬೇರೆ ಯಾವಾಗಲೂ ಇಲ್ಲ.

ಅವರು ಕೇಳಿದ ಗುರುದಕ್ಷಿಣೆ ಒಂದೇ: ಪಾಠ ಮುಗಿದ ಮೇಲೆ ಒಂದು ಕೀರ್ತನೆ. ಆ ಹೊತ್ತಿಗೆ ಒಳಗೆ ಬಾಣಲೆ ಕೂಡ ಸದ್ದು ಮಾಡಬಾರದೆಂದು ಕಟ್ಟಪ್ಪಣೆ. ನನ್ನ ಏಳು ತಾಳಗಳನ್ನೂ ಅವರು ಎಸೆಯಲಿಲ್ಲ. ಅಜ್ಜನ ಝಂಪೆ ಎಲ್ಲಿ ಶಾಸ್ತ್ರದ ಝಂಪೆಗೆ ಹೊಂದುತ್ತದೆ, ಎಲ್ಲಿ ಬೇರೆಯಾಗುತ್ತದೆ ಎಂದು ಎರಡನ್ನೂ ಪಕ್ಕಪಕ್ಕದಲ್ಲಿ ಬರೆಸಿದರು. ನನಗೆ ತಿಳಿದಿದ್ದುದು ಸುಳ್ಳಲ್ಲ, ಆದರೆ ತಿಳಿಯಬೇಕಾದದ್ದು ಅಷ್ಟೇ ಅಲ್ಲ ಎಂಬುದನ್ನು ಈ ಪ್ರಾಯದಲ್ಲಿ, ಅವಮಾನವಾಗದಂತೆ, ಚಾದೊಂದಿಗೆ ತಿಳಿಸಿಕೊಟ್ಟ ಆ ಮನುಷ್ಯನ ಋಣವನ್ನು ನಾನು ಯಾವ ಶಬ್ದದಲ್ಲಿ ಹೇಳಲಿ? ಆಟ-ಕೂಟಗಳಲ್ಲಿ ಕಲಿತ ಶಬ್ದಗಳೆಲ್ಲ ಇಲ್ಲಿ ಕೈಕೊಡುತ್ತವೆ.

ನಿನ್ನೆ ಪೇಪರು ಹಿಡಿದು ಮನೆಗೆ ಬಂದಾಗ ಸಂಜೀವ ಒಂದೇ ವಾಕ್ಯ ಆಡಿದ. “ನಾನ್ ಕುಂದಾಪ್ರಕ್ಕ್ ಹೋಯಿ ಶೆಟ್ರನ್ನ್ ಕರ್ಕಂಡ್ ಬತ್ತೆ.” ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಡ ಹೆಂಡತಿ ಇಬ್ಬರೂ ಬಂದರು. ಕೋಳಿ ಸಾರು, ರೊಟ್ಟಿ, ಕುಚ್ಚಲಕ್ಕಿ ಅನ್ನ, ಕಡ್ಲೆಬೇಳೆ ಪಾಯಸ ಎಲ್ಲ ತಯಾರು. ನಮ್ಮ ಮನೆಯ ಕ್ರಮದಂತೆ ಗಂಡಸರಿಗೆ ಮೊದಲು ಎಲೆ ಹಾಕಿಯಾಯಿತು. ಶೆಟ್ಟರು ಎಲೆಯ ಮುಂದೆ ನಿಂತರು, ಕೂರಲಿಲ್ಲ.

“ಪಾಸಾದವ್ಳ್ ಎಲ್ಲಿ?”

“ಬಡ್ಸುಕ್ ನಿಂತಿದ್ಲ್,” ಎಂದಳು ಗುಲಾಬಿ.

“ನನ್ನ್ ಶಿಷ್ಯಿ ಪಕ್ಕ್‌ದಂಗೆ ಕೂಕಂಡ್ರೆ ನಾನ್ ಉಂಬ್ದ್. ಎಲ್ಲಾರೂ ಕೂಕಣಿ. ಪಾತ್ರಿ ನಡು ಇಡಿ, ಬೇಕಾದವ್ರ್ ಬೇಕಾದ್ದ್ ಹಾಕ್ಕಂತ್ರ್. ಹೋಟ್ಲ್ ನಡ್ಸ್‌ದವ ಹೇಳುದ್, ಬಡ್ಸು ಚಿಂತಿ ನಂಗೆ ಬಿಡಿ.”

ಗುಲಾಬಿ ನನ್ನನ್ನು ನೋಡಿದಳು, ನಾನು ಸಂಜೀವನನ್ನು ನೋಡಿದೆ, ಸಂಜೀವ ಎದ್ದು ಹೋಗಿ ಇನ್ನಷ್ಟು ಬಾಳೆಲೆ ಕೊಯ್ದು ತಂದ. ಸುಗುಣ ಗುರುಗಳ ಬಲಕ್ಕೆ ಕೂತಳು, ಅವಳಮ್ಮ ಸಂಕೋಚದಿಂದ ಅರ್ಧ ತಿರುಗಿ ಕೂತಳು, ಗುಲಾಬಿ ನನ್ನ ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ಕೂತಳು. ಮದುವೆಯಾದಂದಿನಿಂದ ಅವಳು ಬಡಿಸಿದ್ದನ್ನು ನಾನು ಉಂಡಿದ್ದೆ. ನಮ್ಮದೆಲ್ಲ ಮುಗಿದ ಮೇಲೆ, ಮತ್ತೆ ಕಾಯಿಸಿ ಬತ್ತಿ ಉಪ್ಪೇರಿದ ಸಾರಿನಲ್ಲಿ ಅವಳು ಉಣ್ಣುವುದನ್ನು ಕಂಡಿರಲಿಲ್ಲ. ಬಿಸಿ ಸಾರಿಗೆ ರೊಟ್ಟಿ ಮುರಿದು ಒಂದು ತುತ್ತು ಬಾಯಿಗೆ ಇಟ್ಟವಳು ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದಳು.

“ಉಪ್ಪ್ ಕಮ್ಮಿ ಇತ್ತಲ್ದಾ? ಯಾವತ್ತೂ ಹೀಂಗೇ ಇರತ್ತಾ? ಇಷ್ಟ್ ವರ್ಷ ನೀವ್ ಎಂತಕ್ ಹೇಳ್ಲಿಲ್ಲೆ?”

ಎಲ್ಲರೂ ನಕ್ಕರು. ನಾನು ಉಪ್ಪಿನ ಮರಿಗೆಯನ್ನು ಅವಳ ಕಡೆಗೆ ಸರಿಸಿದೆ. ಅವಳು ತನಗೊಂದು ಚಿಟಿಕೆ ಹಾಕಿಕೊಂಡು, ನನ್ನ ಎಲೆಗೂ ಒಂದು ಚಿಟಿಕೆ ಹಾಕಿದಳು.